ಅವನು ಸೋಲುತ್ತದೆಂದ ಯಂತ್ರಗಳು

ನನ್ನ ಪತ್ನಿಯ ತಮ್ಮನಷ್ಟು ಕರಾರುವಾಕ್ಕಾಗಿ ತಪ್ಪುವ ಮನುಷ್ಯ ನಮ್ಮ ಸೀಮೆಯಲ್ಲಿ ಇನ್ನೊಬ್ಬನಿಲ್ಲ! (ಈ ವಾಕ್ಯವನ್ನು ಓದಿ ಪತ್ನಿ ಒಂದು ಹೊತ್ತು ಮಾತು ಬಿಡುವುದು ಖಚಿತ, ಬಿಡಲಿ.) ಶಾಸನಗಳ ಕಾಲನಿರ್ಣಯದಲ್ಲಿ ಆಯುಷ್ಯ ಸವೆಸಿದ ನಾನು ಇದನ್ನು ಪರಿಶೀಲಿಸದೆ ಹೇಳುತ್ತಿಲ್ಲ. ನಾಣ್ಯ ಚಿಮ್ಮಿ ಭವಿಷ್ಯ ನುಡಿದರೂ ಅರ್ಧದಷ್ಟು ನಿಜವಾಗುತ್ತದೆ. ಇವನದು ಒಂದೂ ಆಗಿಲ್ಲ. ಅದೂ ಒಂದು ಸಿದ್ಧಿಯಲ್ಲವೇ?

ಕೊಟ್ಟೂರಿನಲ್ಲಿ ಅವನದು ವಿಡಿಯೊ ಗೇಮ್ ಅಂಗಡಿ. ಜಗತ್ತಿನ ಯಾವ ಮೂಲೆಯಲ್ಲಿ ಹೊಸ ಆಟದ ಯಂತ್ರ ಬಂದರೂ ಅದರ ಜಾತಕ ಇಲ್ಲಿ ಬರೆಯಲ್ಪಡಬೇಕು. ಕೈಯಲ್ಲಿ ಕಡ್ಡಿ ಹಿಡಿದು ಬೀಸುತ್ತ ಆಡುವ ಬಿಳಿ ಪೆಟ್ಟಿಗೆ ಬಂದಾಗ ಅವನು ನಕ್ಕಿದ್ದೇ ನಕ್ಕಿದ್ದು.

“ನೊಣ ಓಡ್ಸೋರು ಆಡ್ಬೇಕಿದನ್ನ, ಮಾವ! ಇದು ಓಡಿದ್ರ ಮೀಸಿ ಬೋಳಿಸ್ತೀನಿ, ನೋಡ್ರಿ.”

ಮುಂದೆ ದೇಶದೇಶಗಳ ಅಜ್ಜ ಅಜ್ಜಿಯರೂ ಎದ್ದು ನಿಂತು ಕೈ ಬೀಸಿದರು. ಮೀಸೆ ಮಾತ್ರ ಅಲುಗಲಿಲ್ಲ. “ಯಂತ್ರ ಸೋತೈತ್ರಿ. ಜನಕ್ಕ ಇನ್ನಾ ಗೊತ್ತಾಗಿಲ್ಲ” ಎಂದ!

ಅದರ ಬೆನ್ನಿಗೆ, ಟಿವಿಯಲ್ಲದೆ ಕೈಗೇ ಇನ್ನೊಂದು ಪರದೆ ಕೊಡುವ ಯಂತ್ರ ಬಂದಾಗ ಪರವಶನಾದ. “ಇದು ಊರು ಹೊಡಿತೈತಿ!” ಕೆಲವೇ ವರ್ಷಗಳಲ್ಲಿ ಅದರ ತಯಾರಿಕೆಯೇ ನಿಂತಿತು. (ಹುಟ್ಟು, ಸಾವು, ಎರಡೂ ತಾರೀಕುಗಳನ್ನು ತಾಳೆ ನೋಡಿದ್ದೇನೆ.) ಆ ಪರದೆ ಈಗ ಅವನ ಮಂಡಕ್ಕಿಯ ತಟ್ಟೆ. ತರುವಾಯ, ಕೈಯಲ್ಲೂ ಹಿಡಿಯಬಹುದಾದ, ಟಿವಿಗೂ ಜೋಡಿಸಬಹುದಾದ ಯಂತ್ರವನ್ನು ಕಂಡು ಮೂಗು ಮುರಿದ: “ಅತ್ಲಾಗೂ ಇಲ್ಲ, ಇತ್ಲಾಗೂ ಇಲ್ಲ.” ಅದು ಲೋಕವನ್ನೇ ಗೆದ್ದಿತು. ಮಹಾನಗರಗಳ ಪಂಡಿತರೂ ಈ ವಿಷಯದಲ್ಲಿ ಎಡವಿದ್ದಾರೆ, ನಿಜ. ಆದರೆ ಅವರು ಆಗೀಗಲಾದರೂ ಸರಿಯಾಗಿ ಹೇಳಿ ಶಿಸ್ತು ಕೆಡಿಸುತ್ತಾರೆ!

ಈ ಸತ್ಯವನ್ನು ಊರು ನನಗಿಂತ ಮೊದಲೇ ಕಂಡುಕೊಂಡಿತ್ತು. ಹಗರಿಬೊಮ್ಮನಹಳ್ಳಿಯಿಂದ ಒಬ್ಬ ತರುಣ ಬಂದು ಕೇಳಿದ್ದನ್ನು ನಾನೇ ಕೇಳಿಸಿಕೊಂಡಿದ್ದೇನೆ.

“ಅಣ್ಣಾ, ಇವೆರಡ್ರಾಗ ಯಾವ್ದು ಓಡ್ತೈತಿ?”

“ಕರೇದು! ಕಣ್ಮುಚ್ಚಿ ತಗಾ.”

“ಹಂಗಾರ ಬಿಳೇದು ಕೊಡು.”

ಇವನು ಕಿಂಚಿತ್ತೂ ವಿಚಲಿತನಾಗದೆ ಬಿಳಿಯದನ್ನು ಕಟ್ಟಿ ಕೊಟ್ಟ. ನಾನು ತಡೆಯಲಾರದೆ ಕೇಳಿದೆ: “ಒಮ್ಮೆಯಾದರೂ ತಪ್ಪಿದೆ ಅಂತ ಒಪ್ಪಿಕೊಳ್ಳಯ್ಯ!”

“ತಪ್ಪಿದ್ರ ಒಪ್ಕೊಂತಿದ್ದೆ, ಮಾವ.”

ಆ ಒಂದು ಒಪ್ಪಿಗೆಗಾಗಿ ನಾನು ಪಟ್ಟ ಪಾಡನ್ನು ಉಚ್ಚಂಗಿದುರ್ಗದ ಯಾವ ಸವೆದ ಶಾಸನಕ್ಕೂ ಪಟ್ಟವನಲ್ಲ.

ಹೋದ ವರ್ಷ ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ನನ್ನ ಪತ್ನಿಗೆ ಹೃದಯದ ಶಸ್ತ್ರಚಿಕಿತ್ಸೆಯಾಯಿತು. ಒಳಗೆ ಕರೆದೊಯ್ಯುವ ಮುನ್ನ ಬಂಧುಗಳೆಲ್ಲ “ಏನೂ ಆಗಂಗಿಲ್ಲ” ಎಂದು ಧೈರ್ಯ ಹೇಳುತ್ತಿದ್ದರು. ಕೊಟ್ಟೂರಿನಿಂದ ಓಡೋಡಿ ಬಂದ ಇವನು ಗಾಲಿಮಂಚಕ್ಕೆ ಅಡ್ಡ ನಿಂತ.

“ಅಕ್ಕಾ, ಈ ಕೆಲಸ ಆಗಂಗಿಲ್ಲ. ನೀ ಮನಿಗೆ ಬರಂಗಿಲ್ಲ. ನನ್ನ ಮಾತು ಖರೆ ಐತಿ, ನೋಡ್ತಿರು.”

ನಾನು ಅವನ ತೋಳು ಹಿಡಿದು ಜಗ್ಗಿದೆ. ಪತ್ನಿಯೋ, ಬೆಳಗಿನಿಂದ ಬಾಯಿ ಬಿಡದಿದ್ದವಳು, ನಕ್ಕೇಬಿಟ್ಟಳು!

“ಹೌದೇನಲೇ? ನೀ ಅಂದ್ಮ್ಯಾಲೆ ನನ್ನ ಚಿಂತಿ ಹೋತು ಬಿಡು.”

ನಗುತ್ತಲೇ ಒಳಗೆ ಹೋದಳು. ಬಾಗಿಲು ಮುಚ್ಚಿತು. ಅವನು ಬಹಳ ಹೊತ್ತು ಆ ಬಾಗಿಲನ್ನೇ ನೋಡುತ್ತ ಕುಳಿತಿದ್ದು, ಆಮೇಲೆ ನನ್ನತ್ತ ತಿರುಗಿದ. ಮೀಸೆ ನಡುಗುತ್ತಿತ್ತು.

“ಮಾವ, ನೀವು ಎಲ್ಲಾನೂ ತಾಳೆ ನೋಡೋರು. ಖರೆ ಹೇಳ್ರಿ. ನಾ ಅಂದಿದ್ದು ಯಾವತ್ತಾರ ಖರೆ ಆಗೇತೇನು?”

“ಇಲ್ಲಪ್ಪ,” ಎಂದೆ. “ಒಂದು ಸಲವೂ ಇಲ್ಲ.”

ಅವನು ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡ.

“ಇನ್ನೊಮ್ಮೆ ಹೇಳ್ರಿ, ಮಾವ,” ಎಂದ.