ಕಡಲ ರಾಣಿಯ ಮಗನಿಗೆ ತೊಟ್ಟಿಲು ಕಟ್ಟಿದ್ದು

ಮಕ್ಕಳೇ, ಬೇರೆ ಏನೂ ಬಾರದಿದ್ದರೂ ಓದುವುದೊಂದು ನನಗೆ ಚೆನ್ನಾಗಿ ಬರುತ್ತದೆ ಎಂದು ನಂಬಿದ್ದೆ. ಹೆಬ್ಬಳ್ಳಿಯ ಸಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿದವಳು. ಲಗ್ನವಾದ ಮೇಲೆ ಶ್ರಾವಣದಲ್ಲಿ ಓಣಿಯ ಹೆಂಗಸರಿಗೆ ಪುರಾಣ ಓದಿ ಹೇಳಿದವಳು. ಹೀಗಾಗಿ ನಿಮ್ಮ ಅಕ್ಷತಕ್ಕ ಮೂರು ದಪ್ಪ ಪುಸ್ತಕ ತಂದು ಮುಂದಿಟ್ಟಾಗ ನಾನು ಹೆದರಲಿಲ್ಲ. ಮೂರೂ ಸೇರಿ ಒಂದೇ ಕಾದಂಬರಿಯಂತೆ. ಹಡಗು, ಬಿರುಗಾಳಿ, ಮಂತ್ರವಿದ್ಯೆ, ಕಡಲಿನ ರಾಣಿ. ನಾನು ನೋಡಿದ ದೊಡ್ಡ ನೀರು ಎಂದರೆ ಕೆಲಗೇರಿಯ ಕೆರೆ.

ಅಕ್ಷತಾ ಆಗಷ್ಟೇ ಓದುಗರ ಬಳಗ ಶುರು ಮಾಡಿದ್ದಳು.

"ಅಜ್ಜಿ, ಮೊದಲನೇ ಸಭಾದಾಗ ನೀ ಎರಡು ಮಾತು ಆಡಬೇಕು. ಬರಾವ್ರೆಲ್ಲಾ ಕಾಲೇಜಿನ ಹುಡುಗರು. ಹಿರ್ಯಾರು ಒಬ್ರರ ಬೇಕು."

"ನಾ ಏನ್ ಹೇಳ್ಲಿ? ನಾಲ್ಕ ಮಂದಿ ಮುಂದ ನಿಂತ್ರ ನನ್ನ ಬಾಯಿ ಒಣಗತೈತಿ."

"ಓದಿದ ಮ್ಯಾಲೆ ಏನ್ ಅನಸ್ತು, ಅಷ್ಟ ಹೇಳು. ಸಭಾ ಛಲೋ ಆದ್ರ ವಾಚನಾಲಯದವ್ರು ಪ್ರತಿ ತಿಂಗಳಾ ಹಾಲ್ ಕೊಡ್ತಾರ. ಇಲ್ಲಂದ್ರ ಬಳಗ ಅಲ್ಲಿಗೇ ಮುಗೀತು."

ಒಪ್ಪಿಕೊಂಡೆ.

ಮನಸ್ಸಿನಲ್ಲೇ ಓದಿಕೊಳ್ಳುವುದು ನನಗೆ ಗೊತ್ತಿಲ್ಲ. ಪಡಸಾಲೆಯಲ್ಲಿ ಕುಳಿತು ದೊಡ್ಡ ದನಿಯಲ್ಲಿ ಓದತೊಡಗಿದೆ. ಪಕ್ಕದ ಮನೆಯ ನೀಲವ್ವ ಅಕ್ಕಿಯ ಮೊರ ಹಿಡಿದು ಬಂದಳು. ಎದುರು ಮನೆಯ ಮಮ್ತಾಜ್ ಹೊಲಿಗೆ ಹಿಡಿದು ಬಂದಳು. ಪುರಾಣವನ್ನು ಕೆಟ್ಟ ಪ್ರಸಂಗಕ್ಕೆ ತಂದು ನಿಲ್ಲಿಸಬಾರದು, ಒಳ್ಳೆಯದೊಂದು ನಡೆದ ಮೇಲೆಯೇ ಪುಸ್ತಕ ಮುಚ್ಚಬೇಕು. ಅದು ನಮ್ಮ ರೂಢಿ. ಈ ಲೇಖಕರ ರೂಢಿ ಬೇರೆ. ಪ್ರತಿ ಅಧ್ಯಾಯದ ಕೊನೆಗೂ ಯಾರಾದರೂ ಮುಳುಗುತ್ತಲೇ ಇರುತ್ತಾರೆ.

"ನೀರಾಗ ಬಿದ್ದ ಮಂದೀನ್ ಹಂಗ ಬಿಟ್ಟು ಪುಸ್ತಕ ಮುಚ್ತೀರೇನ್ರಿ?" ಎಂದಳು ನೀಲವ್ವ. "ಮುಂದ ಓದ್ರಿ."

ಓದಿದೆ. ಸಾರು ಹೊತ್ತಿತು, ಕುತ್ತಿಗೆ ಹಿಡಿಯಿತು, ಗಂಟಲು ಕಟ್ಟಿತು. ಹಡಗು ಮಾತ್ರ ದಡ ಕಾಣಲಿಲ್ಲ.

"ಅಲ್ರಿ ಅಕ್ಕಾರ, ಇಷ್ಟು ನೀರಾಗ ಅದಾರ," ಎಂದಳು ಮಮ್ತಾಜ್, "ಒಬ್ಬರಾದ್ರೂ ಅರಿವಿ ಒಗದ್ರೇನ್ರಿ?"

ಎರಡನೆಯ ಭಾಗದ ಕೊನೆಗೆ ಬಿರುಗಾಳಿಯ ನಡುವೆ ರಾಣಿ ಗಂಡುಮಗು ಹೆತ್ತಳು. ಅಂತೂ ನಿಲ್ಲಿಸಲು ಒಂದು ಒಳ್ಳೆಯ ಜಾಗ ಸಿಕ್ಕಿತು. ಆದರೆ ಪುರಾಣದಲ್ಲಿ ಮಗು ಹುಟ್ಟುವ ಪ್ರಸಂಗ ಓದಿದ ದಿನ ಕೇಳುವವರೇ ತೊಟ್ಟಿಲು ಕಟ್ಟಿ, ಹೆಸರಿಟ್ಟು, ಗುಗ್ಗರಿ ಹಂಚಬೇಕಲ್ಲ?

"ಪಾಪ, ಗಂಡನ್ನ ಕಳ್ಕೊಂಡಾಳ, ತವರಮನಿ ದೂರ. ನಾವ ಮಾಡೂಣು," ಎಂದಳು ನೀಲವ್ವ.

ಗಂಡನಿಲ್ಲದವಳ ಬಾಣಂತನ ಎಂದ ಮೇಲೆ ನನಗೂ ಇಲ್ಲ ಎನ್ನಲಾಗಲಿಲ್ಲ. ಅಟ್ಟದಿಂದ ತೊಟ್ಟಿಲು ಇಳಿಸಿದೆವು. ಮಮ್ತಾಜ್ ಮಗುವಿನ ತಲೆಗೆ ಕುಂಚಿಗೆ ಹೊಲಿದು ತಂದಳು. ಓಣಿಯ ಹೆಂಗಸರೆಲ್ಲ ಸೇರಿ ಎರಡನೆಯ ಭಾಗವನ್ನು ತೊಟ್ಟಿಲಿಗೆ ಹಾಕಿ ಜೋಗುಳ ಹಾಡಿದೆವು. ನೀಲವ್ವ ಅದರ ಕಿವಿಯಲ್ಲಿ 'ಗಂಗಾಧರ' ಎಂದು ಹೆಸರಿಟ್ಟಳು. ಪುಸ್ತಕಕ್ಕೆ ಕಿವಿ ಎಲ್ಲಿದೆ ಎಂದು ಯಾರೂ ಕೇಳಲಿಲ್ಲ.

ಮರುದಿನ ಮೂರನೆಯ ಭಾಗ ತೆರೆದೆ. ಗಂಗಾಧರನಿಗೆ ಮೀನಿನ ಹಾಗೆ ಮೈಮೇಲೆ ಹುರುಪೆ ಬಂತು, ಬಾಲ ಬಂತು. ಅವನು ಸಮುದ್ರದ ಹಾವಾಗಿ ಎಲ್ಲ ಹಡಗು ಒಡೆದು, ಹೆತ್ತ ತಾಯಿಯನ್ನೇ ನುಂಗಿದ.

ನೀಲವ್ವ ಮೊರ ಕೆಳಗಿಟ್ಟಳು.

"ಅಕ್ಕಾರ," ಎಂದಳು ಮಮ್ತಾಜ್, "ಆ ಕುಂಚಿಗಿ ತಿರುಗಿ ಕೊಡ್ರಿ."

ನೀಲವ್ವ ನನ್ನ ಕಡೆ ತಿರುಗಿದಳು. "ಓದಾವ್ರು ನೀವು. ಮುಂದಿನ ಹಾಳಿ ಒಂಚೂರು ನೋಡಿ ಹೇಳಬಾರದೇನ್ರಿ? ಇಂಥಾವ್ಗ ಇಡೀ ಓಣಿ ಕೂಡಿ ಜೋಗುಳ ಹಾಡೇವಿ."

ಗುಗ್ಗರಿ ತಿಂದವರೆಲ್ಲ ಬಂದು ಬೈದು ಹೋದರು. ಬೈಸಿಕೊಂಡೇ ಉಳಿದದ್ದನ್ನು ಓದಿ ಮುಗಿಸಿದೆ. ಅಕ್ಷತಾಗೆ ಕೊಟ್ಟ ಮಾತು ಉಳಿಸಿಕೊಳ್ಳಬೇಕಿತ್ತಲ್ಲ.

ಸಭೆಯಲ್ಲಿ ಒಬ್ಬ ಹುಡುಗ ಪುಸ್ತಕದೊಳಗಿನ ಕಡಲ ನಕಾಶೆ ಸರಿಯಿಲ್ಲ ಎಂದ. ಒಬ್ಬ ಹುಡುಗಿ ಸಮುದ್ರವೆಂದರೆ ಮನುಷ್ಯನ ಮನಸ್ಸು ಎಂದಳು. ಆಮೇಲೆ ನನ್ನ ಸರದಿ. ಅಕ್ಷತಾಳ ಮುಖ ನೋಡಿ ಎದ್ದು ನಿಂತೆ. ಒಂದು ಮಾತು ಹೊರಬಿದ್ದ ಮೇಲೆ ಉಳಿದವು ತಾವೇ ಬಂದವು. ಪುರಾಣದ ಕೊನೆ ಕೇಳುವವರಿಗೆಲ್ಲ ಮೊದಲೇ ಗೊತ್ತಿರುತ್ತದೆ. ಆದ್ದರಿಂದ ಕೊನೆಯನ್ನು ಮುಚ್ಚಿಡಬೇಕೆಂಬುದು ನನಗೆ ಗೊತ್ತೇ ಇರಲಿಲ್ಲ. ರಾಣಿಯ ಮಗ ಹಾವು ಎಂದೆ. ಮೊದಲ ಭಾಗದಲ್ಲಿ ಸತ್ತ ಮಂತ್ರಿ ಸತ್ತೇ ಇಲ್ಲ, ವಿಷ ಹಾಕಿದವನು ಅವನೇ ಎಂದೆ. ಕಡೆಗೆ ಬದುಕುವವನು ಅಡುಗೆಯವನೊಬ್ಬನೇ ಎಂದೆ. ಸಭೆ ಗಪ್ಪಾಯಿತು. ಮೆಚ್ಚಿಕೊಂಡರೆಂದು ಭಾವಿಸಿ ಇನ್ನಷ್ಟು ವಿಸ್ತಾರವಾಗಿ ಹೇಳಿದೆ.

ಮುಂದೆ ಕುಳಿತಿದ್ದ ಹುಡುಗ ತನ್ನ ಪುಸ್ತಕ ಮೆಲ್ಲಗೆ ಮುಚ್ಚಿದ. "ಅಜ್ಜಿ, ನಾವಿನ್ನೂ ಮೊದಲನೇ ಭಾಗ ಅಷ್ಟ ಓದೇವ್ರಿ."

ಸಮುದ್ರವೇ ಮನಸ್ಸು ಎಂದಿದ್ದ ಹುಡುಗಿ ಕೇಳಿದಳು, "ಮಂತ್ರಿ ಸತ್ತಿಲ್ಲೇನ್ರಿ? ನಾ ನಿನ್ನೆ ಎಷ್ಟ ಅತ್ತೇನ್ರಿ ಅವಗೋಸ್ಕರ."

ಕುಳಿತುಕೊಂಡೆ. ಮನೆಗೆ ಬರುವಾಗ ಅಕ್ಷತಾಳ ಗಾಡಿಯ ಹಿಂದೆ ಕುಳಿತು ಕೇಳಿದೆ, "ಬಳಗ ಮುಗೀತೇನವಾ?"

"ಇಲ್ಲ, ಹಾಲ್ ಕೊಡ್ತಾರಂತ. ಆ ಕಾದಂಬರಿ ಅಷ್ಟ ಬಿಟ್ಟಾರ. ತಿಂಗಳಿಗೊಂದು ಭಾಗ ಅಂತಿತ್ತು, ಇನ್ನೆರಡು ತಿಂಗಳ ಸಭಾ ನೀನ ಮುಗಿಸೀದಿ. ಮುಂದಿನ ಸಲಕ್ಕ ಬ್ಯಾರೆ ಪುಸ್ತಕ."

"ಯಾವ ಪುಸ್ತಕ?"

"ನಿನಗ ಹೇಳಬಾರದಂತ."

ಇಡೀ ಬಳಗದಲ್ಲಿ ಎಲ್ಲರೂ ಒಮ್ಮತದಿಂದ ಒಪ್ಪಿದ ಅಭಿಪ್ರಾಯ ಅದೊಂದೇ.