ಅಂಚಿಗೆ ಕೈಹಾಕಿದ ದೇಜಪ್ಪ

ಪುಸ್ತಕವೆಂದರೆ ಮೂರು ಬದಿಯೂ ಸಮವಾಗಿರಬೇಕು ಎಂಬುದು ದೇಜಪ್ಪನ ಧರ್ಮ. ಉಡುಪಿಯ ಪ್ರೆಸ್ಸಿನಲ್ಲಿ ಕಲಿತ ಈ ಧರ್ಮವನ್ನು ಅವನು ಮಸ್ಕತ್ ಕಡೆಯ ಇಬ್ರಾ ಊರಿನ ಪೇಟೆಯ ಬೈಂಡಿಂಗ್ ಅಂಗಡಿಗೆ ಬಂದು ಎರಡು ವರ್ಷವಾದರೂ ಬಿಟ್ಟಿರಲಿಲ್ಲ. ಹಾಗಾಗಿ ೧೯೮೭ರ ಆ ಬುಧವಾರ ಬೆಳಿಗ್ಗೆ, ಶೇಖ್ ನಾಸಿರ್ ಕಳಿಸಿದ್ದ ಹಳೆಯ ಅರಬ್ಬೀ ಪುಸ್ತಕದ ಅಂಚಿನಲ್ಲಿ ಇರುವೆ ಸಾಲಿನಂತಹ ಗೀಚು ಕಂಡು ಮುಖ ಸಿಂಡರಿಸಿ, ಕಟಿಂಗ್ ಮೆಷಿನ್ನಿಗೆ ಕೊಟ್ಟು ಎರಡು ಬೆರಳು ಅಗಲ ಹಾರಿಸಿಯೇಬಿಟ್ಟ.

ಅರಬ್ಬೀ ಓದಬಲ್ಲ ಟೈಪಿಸ್ಟ್ ಫ್ರೆಡ್ಡಿ (ಊರ ಕಡೆ ಕ್ರಿಶ್ಚಿಯನ್ನರನ್ನು ಗೌರವದಿಂದ ಕರೆಯುವಂತೆ ದೇಜಪ್ಪನಿಗೆ ಅವನು 'ಪೊರ್ಬುಗಳು') ಅದನ್ನು ನೋಡಿ ಕುರ್ಚಿಯಿಂದಲೇ ಎದ್ದುಬಿಟ್ಟ.

"ಎಂತ ಮಾಡಿದ್ದು ಮಾರಾಯ! ಇದು ವ್ಯಾಕರಣದ ಪುಸ್ತಕ. ನಡುವೆ ಇದ್ದದ್ದು ಮೂಲ, ಸುತ್ತ ಇದ್ದದ್ದು ಅದಕ್ಕೆ ವ್ಯಾಖ್ಯಾನ. ನೀನು ಕಡಿದದ್ದು ವ್ಯಾಖ್ಯಾನಕ್ಕೆ ವ್ಯಾಖ್ಯಾನ! ಶೇಖ್ ಸಾಹೇಬರ ಗುರುಗಳ ಗುರುಗಳು ಬರೆದದ್ದು."

"ಅಷ್ಟು ದೊಡ್ಡ ಮನುಷ್ಯ ಹಾಳೆಯ ತುದಿಯಲ್ಲಿ ಯಾಕೆ ಬರೀಬೇಕಿತ್ತು ಪೊರ್ಬುಗಳೇ? ಬೇರೆ ಕಾಗದ ಸಿಗ್ಲಿಲ್ವಾ?"

"ಅದನ್ನು ಅರ್ಬಾಬಿನ ಹತ್ರ ಕೇಳು. ನಿನ್ನ ರಜೆ ಖಲಾಸ್."

ರಜೆ ಕೊಡುವುದೂ ಬಿಡುವುದೂ ಅಂಗಡಿಯ ಯಜಮಾನನಾದ ಅರ್ಬಾಬಿನ ಕೈಯಲ್ಲಿತ್ತು. ಮರುದಿನ ಅವನು ಬೊಂಬಾಯಿ ವಿಮಾನ ಹತ್ತಬೇಕು. ಅವನು ಊರು ಬಿಟ್ಟ ಆರು ತಿಂಗಳಿಗೆ ಹುಟ್ಟಿದ ಮಗಳನ್ನು ಫೋಟೋದಲ್ಲಿ ಮಾತ್ರ ನೋಡಿದ್ದ.

"ಅರ್ಬಾಬಿನ ಕಾಲು ಹಿಡಿ," ಎಂದ ಫ್ರೆಡ್ಡಿ.

"ಬೈಂಡರ್ ಯಾರ ಕಾಲೂ ಹಿಡಿಯುದಿಲ್ಲ. ಕಡಿದದ್ದು ನಾನು, ಅಂಟಿಸುದೂ ನಾನೇ!"

ಹೀಗೆ ಸೆಟೆದು ನಿಂತವನು ನೋಡಿದರೆ, ಕತ್ತರಿಸಿದ ಚೂರುಗಳ ಚೀಲವೇ ಇಲ್ಲ. ಪಕ್ಕದ ಹೋಟೆಲಿನ ಕೊಗ್ಗ ಒಲೆ ಹೊತ್ತಿಸಲು ಒಯ್ದಿದ್ದ. ಓಡಿಹೋಗಿ ಕಿತ್ತುಕೊಂಡದ್ದಾಯಿತು. ಕೊಗ್ಗನೂ ಉಪಕಾರ ಮಾಡುವೆನೆಂದು ಹಿಂದೆಯೇ ಬಂದ. ಬಂದವನು ಮೂರು ಚೂರು ತಲೆಕೆಳಗಾಗಿ ಅಂಟಿಸಿ, "ಚಹಾ ಚೆಲ್ಲಿತು ಅಂತ ಹೇಳು ಭಾವ," ಎಂಬ ಸಲಹೆಯನ್ನೂ ಕೊಟ್ಟ.

"ನೀನು ಮೊದಲು ಹೊರಗೆ ನಡಿ!" ಎಂದು ದೇಜಪ್ಪ ಅವನನ್ನು ಅಟ್ಟಿ, ಆ ಮೂರು ಚೂರನ್ನು ಬಿಡಿಸಿ ತೆಗೆದ.

ತೊಂಬತ್ತಾರು ಎಲೆ, ತೊಂಬತ್ತಾರು ಚೂರು. ಅಕ್ಷರ ಗೊತ್ತಿಲ್ಲದಿದ್ದರೇನಂತೆ, ಕಾಗದದ ಜಾತಕ ಅವನಿಗೆ ಗೊತ್ತಿತ್ತು. ಹುಳು ಕೊರೆದ ತೂತಿಗೆ ತೂತು, ನೀರಿನ ಕಲೆಗೆ ಕಲೆ ಕೂಡಿಸುತ್ತ, ಪ್ರತಿ ಚೂರಿನ ಬರಹವಿಲ್ಲದ ಬದಿಗೆ, ಅಂಚಿನಾಚೆಗೂ ಚಾಚುವಷ್ಟು ಅಗಲವಾದ ಹೊಸ ಕಾಗದದ ಬೆನ್ನು ಕೊಟ್ಟು ಮೈದಾ ಅಂಟಿನಿಂದ ಕೂರಿಸಿದ. ಊಟಕ್ಕೂ ಏಳಲಿಲ್ಲ.

ಸಂಜೆಯ ಪ್ರಾರ್ಥನೆ ಮುಗಿಸಿ ಶೇಖ್ ನಾಸಿರ್ ಬಂದರು, ಜೊತೆಗೆ ಅಂಗಡಿಯ ಅರ್ಬಾಬ್ ಸೈಫ್. ಶೇಖರು ಒಂದೊಂದೇ ಹಾಳೆ ತಿರುವಿದರು. ದೇಜಪ್ಪ ಕೈಕಟ್ಟಿ, ಬೈದರೆ ತಿರುಗಿ ಹೇಳಲು ನಾಲ್ಕು ಮಾತು ಸಿದ್ಧ ಮಾಡಿಕೊಂಡು ನಿಂತಿದ್ದ.

"ಮಾಶಾ ಅಲ್ಲಾ!" ಎಂದರು ಶೇಖರು. ಮುಂದಿನದನ್ನು ಫ್ರೆಡ್ಡಿ ಕನ್ನಡಕ್ಕೆ ತಂದ. "ಪುಡಿಯಾಗ್ತಿದ್ದ ಅಂಚಿಗೆ ಜೀವ ಕೊಟ್ಟಿದ್ದೀಯಂತೆ. ಮಸ್ಕತ್ತಿನಲ್ಲೂ ಯಾರೂ ಮಾಡಿಕೊಡ್ಲಿಲ್ಲವಂತೆ. ಅವರಿಗೆ ವ್ಯಾಖ್ಯಾನ ಬರೀಲಿಕ್ಕೆ ಹೊಸ ಜಾಗವನ್ನೂ ಬಿಟ್ಟಿದ್ದೀಯಂತೆ. ಇನ್ನೂ ನಲವತ್ತು ಪುಸ್ತಕ ಉಂಟಂತೆ. ಎಲ್ಲ ನೀನೇ ಮಾಡ್ಬೇಕಂತೆ."

ಅರ್ಬಾಬ್ ದೇಜಪ್ಪನ ಬೆನ್ನು ತಟ್ಟಿ, "ರಜೆ ಮುಂದಿನ ವರ್ಷ," ಎಂದ.

ದೇಜಪ್ಪನಿಗೆ ಸಿಟ್ಟು ನೆತ್ತಿಗೇರಿತು. ಮಗಳಿಗಿಂತ ಮಾನ ದೊಡ್ಡದೇ? ಕೆಲಸಗೇಡಿಯೆಂದು ಊರಿಗೇ ಅಟ್ಟಲಿ.

"ಪೊರ್ಬುಗಳೇ, ಇದ್ದದ್ದು ಇದ್ದ ಹಾಗೆ ಹೇಳಿ! ಇದನ್ನು ಹಾಳು ಮಾಡಿದ್ದೇ ನಾನು. ಇದರಲ್ಲಿ ಸರಿ ಎಷ್ಟೋ ದೇವರಿಗೇ ಗೊತ್ತು, ತಪ್ಪೆಲ್ಲ ನನ್ನದೇ!"

ಫ್ರೆಡ್ಡಿ ಒಂದಕ್ಷರ ಬಿಡದೆ ಹೇಳಿದ. ಶೇಖರ ಕಣ್ಣು ತೇವವಾಯಿತು.

"ಕೇಳಿದೆಯಾ ಸೈಫ್? ನಮ್ಮ ವ್ಯಾಖ್ಯಾನಕಾರರು ಗ್ರಂಥದ ಕೊನೆಗೆ ಹೀಗೆಯೇ ಬರೆಯುತ್ತಾರೆ. ಸರಿಯಿದ್ದದ್ದು ದೇವರದು, ತಪ್ಪೆಲ್ಲ ನನ್ನದು ಎಂದು. ಇಷ್ಟು ವಿನಯವಂತನನ್ನು ಊರಿಗೆ ಕಳಿಸಿ ಕಳೆದುಕೊಳ್ಳುತ್ತೀಯಾ?"

ಹೊಸ ಅಂಚಿನಲ್ಲಿ ಅವರು ಆ ಮಾತನ್ನು ದೇಜಪ್ಪನ ಹೆಸರಿನ ಸಮೇತ ಬರೆದೂಬಿಟ್ಟರು.

"ತರಲಿ ನಲವತ್ತು!" ದೇಜಪ್ಪ ಮೆಷಿನ್ನಿನ ಹಿಡಿಕೆ ಹಿಡಿದು ಗುಡುಗಿದ. "ಈ ಸಲ ಬೇಕೂಂತಲೇ ಕಡೀತೇನೆ!"

"ಬೇಕೂಂತ ಕಡಿದು ಅಂಟಿಸ್ಲಿಕ್ಕೇ ಅವರು ಕೊಡುದು ಮಾರಾಯ, ಬರೀಲಿಕ್ಕೆ ಜಾಗ ಬೇಕಲ್ಲ," ಎಂದ ಫ್ರೆಡ್ಡಿ.