ಒಂದು ಮೊಳ ಕಡಿಮೆ

ಬೆಳಿಗ್ಗೆ ತಿರುಗಿಸಿದ ನಲ್ಲಿ ಗೊರಗೊರ ಎಂದು ಸುಮ್ಮನಾಗಿ, ಆಮೇಲೆ ಒಲ್ಲದ ಮನಸ್ಸಿನಿಂದ ನೀರು ಬಿಟ್ಟಿತು. ನೆಸ್ಟರ್ ನಲ್ಲಿಯನ್ನು ಎರಡು ಸಲ ತಟ್ಟಿ ನೋಡಿದ.

"ಇವತ್ತು ಮೈನಸ್ ನಲವತ್ತಕ್ಕೆ ಇಳಿಯುತ್ತಂತೆ," ಎಂದಳು ಹೆಂಡತಿ ಲೀಡಾ, ಹಿಟ್ಟು ನಾದುತ್ತಾ. "ಪೈಪು ಕಟ್ಕೊಂಡ್ರೆ ಅಮ್ಮನ ಮನೆಗೆ ಹೋಗೋದೇ."

ಹೋದ ಚಳಿಗಾಲದಲ್ಲಿ ಪೈಪು ಹೆಪ್ಪುಗಟ್ಟಿ ಒಡೆದಾಗ ಇಬ್ಬರೂ ಹಿಂದಿನ ಬೀದಿಯ ಅತ್ತೆ ಪರಾಸ್ಕಳ ಮನೆಯಲ್ಲಿ ಎರಡು ವಾರ ಇದ್ದರು. ಅತ್ತೆ ಒಳ್ಳೆಯವಳೇ. ಆದರೆ ನಸುಕಿನಲ್ಲೇ ಎದ್ದು ಅಕಾರ್ಡಿಯನ್ ಬಾರಿಸುತ್ತಿದ್ದಳು, ಅದೂ ಅಳಿಯ ಮಲಗಿದ ಕೋಣೆಯ ಬಾಗಿಲಲ್ಲಿ ಕೂತು. ಇನ್ನೊಂದು ಸಲ ಅದನ್ನು ಕೇಳುವುದಕ್ಕಿಂತ ಮಂಜು ಕರಗಿಸಿ ಸ್ನಾನ ಮಾಡುವುದೇ ವಾಸಿ ಎನ್ನಿಸಿ ನೆಸ್ಟರ್ ಅಂಗಡಿಗೆ ಓಡಿ, ಪೈಪಿಗೆ ಕಟ್ಟುವ, ಕರೆಂಟಿನಿಂದ ಕಾಯುವ ಬಿಸಿ ತಂತಿ ತಂದ.

ಸಸ್ಕಾಚೆವಾನಿನ ಆ ಊರಿನ ಮನೆಗಳು ದಿಮ್ಮಿಗಳ ಮೇಲೆ ಕೂತಿವೆ. ಪೈಪು ಇರುವುದು ಕೆಳಗಿನ ಸಂದಿಯಲ್ಲಿ. ನೆಸ್ಟರ್ ಹೊಟ್ಟೆ ಎಳೆದುಕೊಳ್ಳುತ್ತಾ ಒಳಗೆ ತೆವಳಿದ. ಪಕ್ಕದ ಮನೆಯ ಮೈರೋನ್ ಚಹಾ ಹಿಡಿದು ಹೊರಗೆ ಬಂದು ನಿಂತ. ಕರೆಯದಿದ್ದರೂ ಬರುವುದರಲ್ಲಿ ಅವನದು ಎತ್ತಿದ ಕೈ.

"ಸುರುಳಿ ಸುತ್ತು ಮಾರಾಯ!"

ನೆಸ್ಟರ್ ಸುತ್ತಿದ.

"ಅಯ್ಯೋ, ಒಂದರ ಮೇಲೊಂದು ಬಿತ್ತಲ್ಲೋ! ಸುಟ್ಟುಹೋಗುತ್ತೆ. ನೆಟ್ಟಗೆ ಎಳಿ ಅಂದೆ ತಾನೆ?"

"ಯಾವಾಗ ಅಂದೆ?"

"ಈಗ ಅಂತಿದ್ದೀನಲ್ಲ!"

ನೆಸ್ಟರ್ ಎಲ್ಲ ಬಿಚ್ಚಿ ತಂತಿಯನ್ನು ಪೈಪಿನುದ್ದಕ್ಕೂ ನೆಟ್ಟಗೆ ಇಟ್ಟು ಟೇಪು ಬಿಗಿದ. ಹೊರಗೆ ಬರಲು ನೋಡಿದರೆ ಬರಲಾಗಲಿಲ್ಲ. ಕೋಟಿನ ತೋಳೂ ಪೈಪಿಗೆ ಸೇರಿಕೊಂಡಿತ್ತು! ಲೀಡಾ ಹಿಟ್ಟಿನ ಕೈಯಲ್ಲೇ ಕತ್ತರಿ ತಂದು, ನಗುತ್ತಾ ನಗುತ್ತಾ ಗಂಡನನ್ನು ಬಿಡಿಸಿದಳು. ತೋಳು ಅಲ್ಲೇ ಉಳಿಯಿತು.

"ಇರಲಿ ಬಿಡು, ಪೈಪಿಗೂ ಚಳಿ ಆಗುತ್ತೆ," ಎಂದ ಮೈರೋನ್.

ಪ್ಲಗ್ಗು ಹಾಕಲು ಹೋದರೆ ತಂತಿ ಒಂದು ಮೊಳ ಕಡಿಮೆ! ಚಳಿಗೆ ಹೆದರಿ ಅಂಗಡಿಯವನು ಆಗಲೇ ಬಾಗಿಲು ಹಾಕಿದ್ದ. ನೆಸ್ಟರನ ಕಿವಿಯಲ್ಲಿ ಆಗಲೇ ಅಕಾರ್ಡಿಯನ್ ಶುರುವಾಯಿತು.

"ಅಳಬೇಡ್ವೋ, ನಾನಿದ್ದೀನಿ," ಎಂದು ಮೈರೋನ್ ಹೊರಟವನು, ಸ್ವಲ್ಪ ಹೊತ್ತಿನಲ್ಲೇ ಕಿತ್ತಳೆ ಬಣ್ಣದ ಉದ್ದನೆಯ ವೈರು ಹೆಗಲಿಗೆ ಸುತ್ತಿಕೊಂಡು ಬಂದ. ಅದರ ತುದಿಗೆ ಕೆಂಪು ಉಣ್ಣೆಯ ದಾರ ಕಟ್ಟಿತ್ತು.

"ಎಲ್ಲಿಂದ ತಂದೆ?"

"ಕಾರು ಮಾರ್ಕೊಂಡೋರ ಮನೆ ಗೋಡೇಲಿ ನೇತಾಡ್ತಿತ್ತು. ಕಾರೇ ಇಲ್ಲದ ಮೇಲೆ ವೈರು ಯಾಕೆ?"

ಮಾತು ಸರಿಯಾಗಿತ್ತು. ಆ ಊರಿನವರು ಚಳಿಗಾಲದಲ್ಲಿ ಕಾರನ್ನು ದನ ಕಟ್ಟಿದ ಹಾಗೆ ವೈರಿನಿಂದ ಮನೆಗೆ ಕಟ್ಟಿಹಾಕುತ್ತಾರೆ. ಇಂಜಿನ್ನಿಗೆ ಕರೆಂಟಿನ ಕಾವಿಲ್ಲದಿದ್ದರೆ ಬೆಳಿಗ್ಗೆ ಅದು ಕೆಮ್ಮುವುದೂ ಇಲ್ಲ. ಮನೆಯಿಂದ ಹೊರಬಂದ ವೈರೆಂದರೆ ಅದು ಕಾರಿನದೇ.

ಮೆಟ್ಟಿಲ ಮೇಲಿಂದ ವೈರು ಎಳೆದು ಪ್ಲಗ್ಗು ಹಾಕಿದರು. ಕೆಂಪು ದಾರದ ತುದಿ ಮೆಟ್ಟಿಲ ಮೇಲೇ ಉಳಿಯಿತು. ಸಂಜೆ ಊರೆಲ್ಲ ಕಲ್ಲಾದರೂ ನೆಸ್ಟರನ ನಲ್ಲಿ ಧೋ ಎಂದು ಸುರಿಯಿತು. ಅವನು ಹೆಂಡತಿಯನ್ನು ಎತ್ತಿ ಒಂದು ಸುತ್ತು ತಿರುಗಿಸಿದ. ಆಲೂಗಡ್ಡೆ ತುಂಬಿದ ಕಡುಬು ಬೇಯುತ್ತಿತ್ತು. ಮೈರೋನನಿಗೂ ಒಂದು ತಟ್ಟೆ ಬಂತು. ಇಷ್ಟು ಸುಖದ ದಿನ ನೆಸ್ಟರನಿಗೆ ನೆನಪಿರಲಿಲ್ಲ.

ಆಗ ಹೊರಗೆ ಕರಕರ ಸದ್ದು. ಮೂವರೂ ಹೊರಬಂದರು. ಅತ್ತೆ ಪರಾಸ್ಕ ಸಾಮಾನು ಹೇರಿದ ಜಾರುಬಂಡಿಯನ್ನು ಹಗ್ಗದಿಂದ ಎಳೆದುಕೊಂಡು ಬರುತ್ತಿದ್ದಳು.

"ಕಾರಿದ್ದಿದ್ರೆ ಹೀಗೆ ಎಳೀಬೇಕಿತ್ತಾ! ಹಾಳಾದ್ದನ್ನ ಮಾರಿಬಿಟ್ಟೆ," ಎಂದು ಏದುಸಿರು ಬಿಟ್ಟಳು. "ಲೀಡಾ, ನಮ್ಮನೆ ಪೈಪು ಕಲ್ಲಾಗಿದೆ ಕಣೇ. ಪೈಪಿನ ಬಿಸಿ ತಂತಿಗೆ ಕರೆಂಟು ಕೊಡೋಕೆ ಕಾರಿನ ಹಳೆ ವೈರು ಹಾಕಿದ್ದೆ. ಯಾವನೋ ಕಳ್ಳ ಕಿತ್ಕೊಂಡು ಹೋಗಿದ್ದಾನೆ! ವಸಂತ ಬರೋವರೆಗೂ ನಾನು ಇಲ್ಲೇ."

ಮೈರೋನ್ ತಟ್ಟೆಯ ಸಮೇತ ಮಾಯವಾದ.

ನೆಸ್ಟರ್ ಬಂಡಿಯತ್ತ ನೋಡಿದ. ಪೆಟ್ಟಿಗೆಯ ಹಿಡಿಗೆ ಕೆಂಪು ಉಣ್ಣೆಯ ದಾರ. ದಿಂಬಿನ ಗಂಟಿಗೆ ಕೆಂಪು ಉಣ್ಣೆಯ ದಾರ. ಅಕಾರ್ಡಿಯನ್ನಿನ ಚೀಲಕ್ಕೂ ಅದೇ.

"ನನ್ನ ಎಲ್ಲ ಸಾಮಾನಿಗೂ ಗುರುತು ಕಟ್ಟಿರ್ತೀನಿ. ಕಣ್ಣಿಗೆ ಬೀಳಲಿ, ಅವನ ಚರ್ಮ ಸುಲೀತೀನಿ," ಎಂದಳು ಅತ್ತೆ.

ನೆಸ್ಟರ್ ದೊಪ್ಪನೆ ಮೆಟ್ಟಿಲ ಮೇಲೆ, ವೈರಿನ ಗುರುತಿನ ಮೇಲೇ ಕೂತುಬಿಟ್ಟ.

"ಏನಪ್ಪಾ ಅಳಿಯ, ಈ ಚಳೀಲಿ ಹೊರಗೆ ಕೂತೆ? ಒಳಗೆ ನಡಿ."

"ನೀವು ನಡೀರಿ ಅತ್ತೆ. ನಂಗೆ... ಸೆಕೆ ಆಗ್ತಿದೆ."

ಅತ್ತೆ ಅವನ ಒಂಟಿ ತೋಳಿನ ಕೋಟನ್ನು ನೋಡಿದಳು. ಮುಖ ಅರಳಿತು.

"ಗಂಡಸು ಅಂದ್ರೆ ಹೀಗಿರಬೇಕು! ಕೂತ್ಕೋಪ್ಪ, ಹಾಯಾಗಿ ಕೂತ್ಕೋ. ನೀನು ಏಳೋವರೆಗೂ ಬಾರಿಸ್ತೀನಿ," ಎಂದು ಅವಳು ಅಕಾರ್ಡಿಯನ್ ಹೊರತೆಗೆದಳು.